ಬೀಟ್ ಮಾಡಲೋ, ಮಿಕ್ಸ್ ಮಾಡಲೋ? ಹಿಪ್‌ಹಾಪ್–ಸೋಲ್ ವೃತ್ತಿಯ ಬಗ್ಗೆ ಕೇಳಿದ ಓದುಗರಿಗೆ

ಹುಬ್ಬಳ್ಳಿಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ನನಗೆ 31 ವರ್ಷ. ಹಗಲು ಒಂದು ಕಡೆ ಲೆಕ್ಕ ಬರೆಯುವ ಕೆಲಸ. ರಾತ್ರಿ ಮನೆಯಲ್ಲೇ ಬೀಟ್, ಅಂದರೆ ಹಾಡಿನ ಹಿನ್ನೆಲೆ ಸಂಗೀತ, ಮಾಡುತ್ತೇನೆ, ಊರಿನ ಹುಡುಗರ ಕನ್ನಡ ರ‍್ಯಾಪ್ ಹಾಡುಗಳ ದನಿ, ವಾದ್ಯಗಳನ್ನು ಹದವಾಗಿ ಬೆರೆಸಿ ಮಿಕ್ಸ್ ಮಾಡಿಕೊಡುತ್ತೇನೆ. ಹಾಡಿಗೆ 3,000 ರೂಪಾಯಿ ಬರುತ್ತದೆ. ಪ್ರೊಡ್ಯೂಸರ್ ಆಗುವುದಾದರೆ ಮಿಕ್ಸಿಂಗ್ ಬಿಡು, ಎಂಜಿನಿಯರ್ ಆಗುವುದಾದರೆ ಬೀಟ್ ಬಿಡು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅಮೆರಿಕದ ಹಿಪ್‌ಹಾಪ್ ತಂಡ ಎ ಟ್ರೈಬ್ ಕಾಲ್ಡ್ ಕ್ವೆಸ್ಟ್‌ನ ಆಲ್ಬಮ್ 'ದಿ ಲೋ ಎಂಡ್ ಥಿಯರಿ'ಯಲ್ಲಿ ಎಂಜಿನಿಯರ್ ಅಂತ ಬಾಬ್ ಪವರ್ ಹೆಸರಿದೆ, ಸೋಲ್ ಗಾಯಕ ಡಿ'ಏಂಜೆಲೊನ 'ಬ್ರೌನ್ ಶುಗರ್'ನಲ್ಲಿ ಅದೇ ಹೆಸರು ಪ್ರೊಡ್ಯೂಸರ್ ಸಾಲಿನಲ್ಲೂ ಇದೆ. ಅದು ಹೇಗೆ ಸಾಧ್ಯವಾಯಿತು? ಕೋರ್ಸ್ ಮಾಡದ ನನಗೆ ವಯಸ್ಸು ಮೀರಿತೇ? ಹಳೇ ಸಿನಿಮಾ ಹಾಡಿನಿಂದ ಆರು ಸೆಕೆಂಡಿಗಿಂತ ಕಡಿಮೆ ತುಣುಕು (ಸ್ಯಾಂಪಲ್) ತೆಗೆದರೆ ತೊಂದರೆಯಿಲ್ಲ ಅನ್ನುತ್ತಾರೆ, ನಿಜವೇ? ಇನ್ನೊಂದು, ನನ್ನ ಮಿಕ್ಸ್ ಕೋಣೆಯಲ್ಲಿ ಚೆನ್ನಾಗಿ ಕೇಳಿಸುತ್ತದೆ, ಕಾರಿನಲ್ಲಿ ಹಾಕಿದರೆ ಬೇಸ್ ಗುಂಯ್‌ಗುಡುತ್ತದೆ. ನನ್ನ ಕೋಣೆ 10 ಅಡಿಗೆ 10 ಅಡಿ, ಎತ್ತರವೂ ಅಷ್ಟೇ."

ನಿಮ್ಮ ನಿಜವಾದ ಆತಂಕ ಮೊದಲ ಪ್ರಶ್ನೆಯಲ್ಲಿದೆ: ಎರಡು ದೋಣಿಯಲ್ಲಿ ಕಾಲಿಟ್ಟಿದ್ದೇನೆಯೇ ಅನ್ನುವುದು. ಈ ಸಂಗೀತದ ಮಟ್ಟಿಗೆ ಅವು ಎರಡು ದೋಣಿಗಳಲ್ಲ. ರಾಕ್ ಬ್ಯಾಂಡ್‌ನ ರೆಕಾರ್ಡಿಂಗ್‌ನಲ್ಲಿ ಡ್ರಮ್ಮರ್ ಬಾರಿಸಿದ್ದನ್ನು ಎಂಜಿನಿಯರ್ ಹಿಡಿದುಕೊಳ್ಳುತ್ತಾನೆ. ಹಿಪ್‌ಹಾಪ್‌ನಲ್ಲಿ ಕಿಕ್ (ದೊಡ್ಡ ಡ್ರಮ್‌ನ ಹೊಡೆತ) ಯಾವ ಬಣ್ಣದ್ದು, ಮತ್ತೆಮತ್ತೆ ಸುತ್ತುವ ಲೂಪ್‌ನ ಯಾವ ಭಾಗ ಕೇಳಿಸಬೇಕು, ಎಲ್ಲಿ ಮಂಕಾಗಬೇಕು ಅನ್ನುವುದೇ ಸಂಗೀತ ಕಟ್ಟುವ ಕೆಲಸ. ಫಿಲ್ಟರ್ ತಿರುಗಿಸುವ ಕೈ ಪ್ರೊಡ್ಯೂಸರ್‌ದೋ ಎಂಜಿನಿಯರ್‌ದೋ ಅಂತ ಗೆರೆ ಎಳೆಯಲು ಬರುವುದಿಲ್ಲ. ಗೆರೆ ಇರುವುದು ಹಣದಲ್ಲಿ, ಹಕ್ಕಿನಲ್ಲಿ ಮತ್ತು ಕೊನೇ ಮಾತು ಯಾರದು ಅನ್ನುವುದರಲ್ಲಿ. ಅದನ್ನು ಮುಂದೆ ನೋಡೋಣ.

ಬಾಬ್ ಪವರ್ ಹಾದಿ ನಿಮ್ಮ ವಯಸ್ಸಿನ ಪ್ರಶ್ನೆಗೂ ಉತ್ತರ. ಅವರು ಹುಟ್ಟಿದ್ದು 1952ರಲ್ಲಿ. ಕಲಿತದ್ದು ಸಂಗೀತ, ಅದರಲ್ಲೂ ಜಾಝ್. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟಿವಿ ಕಾರ್ಯಕ್ರಮಗಳಿಗೆ ಸಂಗೀತ ಮಾಡುತ್ತಿದ್ದವರು 1980ರ ದಶಕದ ಆರಂಭದಲ್ಲಿ ನ್ಯೂಯಾರ್ಕ್‌ಗೆ ಬಂದರು. ಕ್ಯಾಲಿಯೋಪಿ ಅನ್ನುವ ಸ್ಟುಡಿಯೋದಲ್ಲಿ ಸ್ಟೆಟ್ಸಾಸಾನಿಕ್ ಅನ್ನುವ ಹಿಪ್‌ಹಾಪ್ ತಂಡದ ಕೆಲಸಕ್ಕೆ ಕೂತಾಗ ಅವರಿಗೆ ಮೂವತ್ತು ದಾಟಿತ್ತು. ಹಿಪ್‌ಹಾಪ್ ಒಳಗೆ ಬೆಳೆದವರಲ್ಲ, ಆ ಹುಡುಗರ ತಲೆಮಾರಿನವರೂ ಅಲ್ಲ. ಆಗ ಅನೇಕ ಎಂಜಿನಿಯರ್‌ಗಳು ರ‍್ಯಾಪ್ ತಂಡ ಬಂದರೆ ಮುಖ ಸಿಂಡರಿಸುತ್ತಿದ್ದ ಕಾಲ. ಪವರ್ ಹಾಗೆ ಮಾಡಲಿಲ್ಲ. ಹಳೇ ರೆಕಾರ್ಡ್‌ಗಳ ತುಣುಕುಗಳನ್ನು ಒಂದರ ಮೇಲೊಂದು ಕೂರಿಸುವುದರಲ್ಲಿ ಸಂಯೋಜನೆಯ ಬುದ್ಧಿ ಇದೆ ಎಂದು ಗುರುತಿಸಿದರು. ಅವರ ಮುಂದಿನ ವೃತ್ತಿಯೆಲ್ಲ ನಿಂತಿರುವುದು ಈ ಗುರುತಿನ ಮೇಲೆ ಅನ್ನುವುದು ನನ್ನ ಅಭಿಪ್ರಾಯ.

ಆ ದಿನಗಳ ಕೆಲಸ ಎಂಥದ್ದಿತ್ತು ಅಂತ ಸ್ವಲ್ಪ ಹತ್ತಿರದಿಂದ ನೋಡಿ. 1987ರಲ್ಲಿ ಬಂದ, ತುಣುಕು ಹಿಡಿದು ನುಡಿಸುವ ಎಸ್‌ಪಿ-1200 ಯಂತ್ರದಲ್ಲಿ ಒಟ್ಟು ಸ್ಯಾಂಪಲ್ ಸಮಯ ಸುಮಾರು 10 ಸೆಕೆಂಡ್, ಒಂದು ತುಣುಕಿಗೆ ಹೆಚ್ಚೆಂದರೆ 2.5 ಸೆಕೆಂಡ್. ಮುದ್ರಣದ ಗುಣಮಟ್ಟ 12 ಬಿಟ್, 26.04 ಕಿಲೋಹರ್ಟ್ಜ್. ಜಾಗ ಸಾಲದೆ 33 ವೇಗದ ರೆಕಾರ್ಡನ್ನು 45ರಲ್ಲಿ ಓಡಿಸಿ ತುಂಬಿಕೊಂಡು, ಆಮೇಲೆ ಯಂತ್ರದೊಳಗೆ ಪಿಚ್ ಇಳಿಸುತ್ತಿದ್ದರು. ವೇಗ 1.35 ಪಟ್ಟು, ಅಂದರೆ ಶ್ರುತಿ ಐದು ಅರ್ಧಸ್ವರಕ್ಕಿಂತ ಸ್ವಲ್ಪ ಹೆಚ್ಚು ಮೇಲೇರುತ್ತದೆ. 10 ಸೆಕೆಂಡಿನ ಜಾಗದಲ್ಲಿ 13.5 ಸೆಕೆಂಡಿನ ಸಂಗೀತ ಹಿಡಿಯುತ್ತದೆ. ಅದಕ್ಕೆ ತೆರುವ ಬೆಲೆಯೂ ಇದೆ: ಇಳಿಸಿದ ಮೇಲೆ ಸುಮಾರು 9.6 ಕಿಲೋಹರ್ಟ್ಜ್‌ಗಿಂತ ಮೇಲೆ ಮೂಲದ ದನಿ ಉಳಿಯುವುದಿಲ್ಲ, ಒರಟು ಕಣಗಳು ಸೇರಿಕೊಳ್ಳುತ್ತವೆ. ಇವತ್ತು ಪ್ಲಗಿನ್ ಕೊಂಡು ಹಾಕಿಕೊಳ್ಳುವ ಆ ಒರಟುತನ ಆಗ ಜಾಗ ಉಳಿಸಲು ಹೋಗಿ ಬಂದದ್ದು. ಇನ್ನೊಂದು ಯಂತ್ರ ಅಕಾಯ್ ಎಸ್950. ಅದರ ಲೋ-ಪಾಸ್ ಫಿಲ್ಟರನ್ನು (ತಳದ ದನಿಯನ್ನಷ್ಟೇ ಬಿಡುವ ಜರಡಿ) ಚೆನ್ನಾಗಿ ಇಳಿಸಿದರೆ ರೆಕಾರ್ಡ್‌ನ ತುತ್ತೂರಿ, ಪಿಯಾನೋ ಎಲ್ಲ ಮಾಯವಾಗಿ ಬೇಸ್ ಗಿಟಾರ್‌ನ ಗುಂಗು ಮಾತ್ರ ಉಳಿಯುತ್ತದೆ. ಹಾಗೆ ತೆಗೆದ ಬೇಸ್‌ನ ಮೇಲೆ ಇನ್ನೊಂದು ರೆಕಾರ್ಡ್‌ನ ಡ್ರಮ್, ಮತ್ತೊಂದರ ಕೀಬೋರ್ಡ್.

ಇವನ್ನೆಲ್ಲ 24 ಟ್ರ್ಯಾಕಿನ ಟೇಪಿಗೆ ಇಳಿಸುವಾಗ ಒಂದು ಟ್ರ್ಯಾಕ್ ಸಮಯ ಹೇಳುವ ಟೈಮ್‌ಕೋಡಿಗೆ ಹೋಗುತ್ತದೆ, ಯಂತ್ರ ಅದಕ್ಕೆ ಹೊಂದಿಕೊಂಡು ಓಡುತ್ತದೆ. ಒಂದಿಷ್ಟು ತುಣುಕು ಟೇಪಿಗೆ ಹೋದ ಮೇಲೆ ಫ್ಲಾಪಿ ಬದಲಿಸಿ ಮುಂದಿನದ್ದು. ಪ್ರತಿ ತುಣುಕೂ ತನ್ನ ರೆಕಾರ್ಡ್‌ನ ಚಟಪಟ, ಹಿಸ್, ಮೋಟರ್ ಗುಂಗನ್ನು ಹೊತ್ತು ಬರುತ್ತದೆ. ನಾಲ್ಕು ತುಣುಕು ಸೇರಿದರೆ ನಾಲ್ಕು ಪಟ್ಟು ಕೊಳೆ, ಪ್ರತಿಯೊಂದರ ತಳದಲ್ಲೂ ಯಾವುದೋ ಬೇಸ್. ಪವರ್ ಹೆಸರು ಮಾಡಿದ್ದು ಇಲ್ಲಿ. ಚಟಪಟವನ್ನು ತೆಗೆದು, ತುಣುಕುಗಳಿಗೆ ಬೇರೆಬೇರೆ ಜಾಗ ಕೊಟ್ಟು, ತಳವನ್ನು ಸ್ಪಷ್ಟ ಮಾಡಿದರು, ಆದರೆ ರೆಕಾರ್ಡ್‌ನ ಸ್ವಭಾವವನ್ನು ಅಳಿಸಲಿಲ್ಲ. 1991ರ 'ದಿ ಲೋ ಎಂಡ್ ಥಿಯರಿ'ಯಲ್ಲಿ ರಾನ್ ಕಾರ್ಟರ್ ಅಂಥ ಜಾಝ್ ಬೇಸ್ ವಾದಕರು ಒಂದು ಹಾಡಿಗೆ ನುಡಿಸಿದ್ದಾರೆ. ಸ್ಯಾಂಪಲ್‌ಗಳ ಜೊತೆಗೆ ನಿಜವಾದ ಡಬಲ್ ಬೇಸ್ ಕೂರಬೇಕಾದರೆ ಎರಡೂ ಲೋಕದ ಕಿವಿ ಇರುವವರು ಬೇಕು.

ಎಂಜಿನಿಯರ್ ಪ್ರೊಡ್ಯೂಸರ್ ಆದದ್ದು ಹೇಗೆ ಅನ್ನುವುದಕ್ಕೂ ಉತ್ತರ ಅಲ್ಲೇ ಇದೆ. 1995ರ 'ಬ್ರೌನ್ ಶುಗರ್' ನುಡಿಸಿ ಮಾಡಿದ ಸೋಲ್ ಸಂಗೀತ, ಹೆಚ್ಚಿನದನ್ನು ಡಿ'ಏಂಜೆಲೊ ತಾವೇ ನುಡಿಸಿದ್ದಾರೆ. ಆದರೆ ಅದರ ತಳ, ಡ್ರಮ್‌ಗಳ ಭಾರ ಹಿಪ್‌ಹಾಪ್‌ದು. ಕಾರ್ಡ್‌ಗಳ ಬಗ್ಗೆ ಹಾಡುಗಾರನ ಜೊತೆ ಅವನದೇ ಭಾಷೆಯಲ್ಲಿ ಮಾತಾಡಬೇಕು, ಕಿಕ್ ಮಾತ್ರ ಟ್ರೈಬ್‌ನಷ್ಟು ಗಟ್ಟಿಯಾಗಿ ಕೂರಬೇಕು. ಈ ಎರಡನ್ನೂ ಬಲ್ಲವರು ಆಗ ಬೆರಳೆಣಿಕೆ. ಶೀರ್ಷಿಕೆ ಹಾಡನ್ನು ಡಿ'ಏಂಜೆಲೊ ಜೊತೆ ಕಟ್ಟಿದವರು ಟ್ರೈಬ್‌ನ ಅಲಿ ಶಹೀದ್ ಮುಹಮ್ಮದ್ ಅನ್ನುವುದನ್ನೂ ಗಮನಿಸಿ. ಒಂದು ಬಳಗದ ಕೆಲಸ ಇನ್ನೊಂದಕ್ಕೆ ಹರಿಯುತ್ತದೆ. ಗಾಯಕಿ ಎರಿಕಾ ಬಡೂ ಅವರ 1997ರ ಮೊದಲ ಆಲ್ಬಮ್‌ನ ಪ್ರೊಡ್ಯೂಸರ್‌ಗಳಲ್ಲೂ ಪವರ್ ಒಬ್ಬರು. ಮುಂದೆ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಲೈವ್ ಡೇವಿಸ್ ಸಂಸ್ಥೆಯಲ್ಲಿ ಪಾಠ ಹೇಳಿದರು.

ಇದಕ್ಕೆ ಇನ್ನೊಂದು ತರದ ಹಾದಿಯೂ ಉಂಟು. ಜಿಮ್ಮಿ ಡಗ್ಲಸ್ ಶಾಲಾ ಹುಡುಗನಾಗಿದ್ದಾಗಲೇ ಅಟ್ಲಾಂಟಿಕ್ ಸ್ಟುಡಿಯೋದಲ್ಲಿ ಟೇಪ್ ನಕಲು ಮಾಡುವ ಕೆಲಸಕ್ಕೆ ಸೇರಿ, ಅಲ್ಲಿನ ಹಿರಿಯರಾದ ಟಾಮ್ ಡೌಡ್, ಆರಿಫ್ ಮಾರ್ಡಿನ್ ಅವರ ಪಕ್ಕದಲ್ಲಿ ಕೂತು ಕಲಿತವರು. ಎರಡು ದಶಕ ಕಳೆದ ಮೇಲೆ ಹಿಪ್‌ಹಾಪ್ ಪ್ರೊಡ್ಯೂಸರ್ ಟಿಂಬಲ್ಯಾಂಡ್‌ನ ಹಾಡುಗಳ ಎಂಜಿನಿಯರ್ ಆದರು. ಕೆಳಗಿನಿಂದ ಮೆಟ್ಟಿಲು ಹತ್ತುವ ಆ ದಾರಿ ಈಗ ಬಹಳ ಕಿರಿದಾಗಿದೆ. ನ್ಯೂಯಾರ್ಕ್‌ನ ಹಿಟ್ ಫ್ಯಾಕ್ಟರಿಯಂಥ ದೊಡ್ಡ ಸ್ಟುಡಿಯೋ 2005ರಲ್ಲಿ ಬಾಗಿಲು ಹಾಕಿತು. ಹಾಗಾಗಿ ಕೋರ್ಸ್ ಇಲ್ಲ ಅನ್ನುವುದು ನಿಮ್ಮ ದೊಡ್ಡ ಕೊರತೆಯಲ್ಲ. ಪಕ್ಕದಲ್ಲಿ ಕೂತು ತಿದ್ದುವವರು ಇಲ್ಲದಿರುವುದು ಕೊರತೆ. ಕೋರ್ಸ್‌ಗೆ ಹಣ ಹಾಕುವ ಮೊದಲು ಅದೇ ಹಣದ ಒಂದು ಪಾಲಿನಲ್ಲಿ ಅನುಭವಸ್ಥ ಎಂಜಿನಿಯರ್ ಒಬ್ಬರಿಗೆ ನಿಮ್ಮ ಎರಡು ಹಾಡು ಮಿಕ್ಸ್‌ಗೆ ಕೊಟ್ಟು, ಕೂತು ನೋಡುವ ಷರತ್ತು ಹಾಕಿ. ಜೊತೆಗೆ ಕೀಬೋರ್ಡ್‌ನಲ್ಲಿ ಏಳನೇ, ಒಂಬತ್ತನೇ ಕಾರ್ಡ್‌ಗಳನ್ನು ಗುರುತಿಸುವಷ್ಟು ಕಲಿಯಿರಿ. ಸೋಲ್ ಕಡೆಗೆ ದಾಟಬೇಕಾದರೆ ಅದಿಲ್ಲದೆ ಆಗುವುದಿಲ್ಲ.

ಇನ್ನು ಆರು ಸೆಕೆಂಡಿನ ಮಾತು. ಅದು ಶುದ್ಧ ಸುಳ್ಳು. ಆರು ಸೆಕೆಂಡ್, ನಾಲ್ಕು ಬಾರ್, ಏಳು ಸ್ವರ, ಇಂಥ ಯಾವ ವಿನಾಯಿತಿಯೂ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಇಲ್ಲ. ಅಮೆರಿಕದಲ್ಲಿ 1991ರ ಡಿಸೆಂಬರ್‌ನಲ್ಲಿ ಅನುಮತಿಯಿಲ್ಲದೆ ಸ್ಯಾಂಪಲ್ ಬಳಸಿದ ಹಾಡುಗಾರ ಬಿಜ್ ಮಾರ್ಕಿ ವಿರುದ್ಧದ ತೀರ್ಪು ಬಂದ ಮೇಲೆ ಸ್ಯಾಂಪಲ್‌ಗೆ ಮೊದಲೇ ಅನುಮತಿ ಪಡೆಯುವುದು ಕಂಪನಿಗಳಿಗೆ ಅನಿವಾರ್ಯವಾಯಿತು. ಡಿ ಲಾ ಸೋಲ್ ತಂಡದ ಮೊದಲ ಆಲ್ಬಮ್ 1989ರದ್ದು. ಅದು ಸ್ಟ್ರೀಮಿಂಗ್‌ಗೆ ಬಂದದ್ದು 2023ರಲ್ಲಿ, ಅಷ್ಟು ವರ್ಷ ತಡೆದ ಮುಖ್ಯ ಕಾರಣ ಸ್ಯಾಂಪಲ್ ಹಕ್ಕುಗಳ ಗೋಜಲು.

ಪ್ರತಿ ಹಾಡಿನಲ್ಲೂ ಎರಡು ಹಕ್ಕು ಇವೆ ಅನ್ನುವುದು ನೆನಪಿರಲಿ. ಒಂದು ಧ್ವನಿಮುದ್ರಣದ್ದು, ಅದು ಸಾಮಾನ್ಯವಾಗಿ ಕಂಪನಿಯ ಕೈಯಲ್ಲಿರುತ್ತದೆ. ಇನ್ನೊಂದು ಸಂಗೀತ ಮತ್ತು ಸಾಹಿತ್ಯದ್ದು. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ. 1964ರಲ್ಲಿ ಹೊರಬಂದ ಮುದ್ರಣದ ಹಕ್ಕು 2024ರ ಕೊನೆಗೆ ಮುಗಿದಿದೆ. ಅದನ್ನು ಕೇಳಿ ಹಳೇ ಹಾಡು ಪುಕ್ಕಟೆ ಅಂದುಕೊಳ್ಳುವವರು ಬಹಳ. ಆದರೆ ಸಂಗೀತ ಸಂಯೋಜಕ ತೀರಿಕೊಂಡ ಮೇಲೂ 60 ವರ್ಷ ಸಂಯೋಜನೆಯ ಹಕ್ಕು ಇರುತ್ತದೆ. 1990ರ ದಶಕದವರೆಗೆ ಬದುಕಿದ್ದ ಸಂಯೋಜಕರ ರಾಗ 2050 ದಾಟುವವರೆಗೂ ಮುಕ್ತವಲ್ಲ. ಡ್ರಮ್‌ನ ಒಂದು ಹೊಡೆತ ತೆಗೆಯುವುದಕ್ಕೂ ಪಲ್ಲವಿಯ ತಂತಿವಾದ್ಯದ ಸಾಲು ತೆಗೆಯುವುದಕ್ಕೂ ಅಪಾಯದಲ್ಲಿ ವ್ಯತ್ಯಾಸವಿದೆ, ನಿಜ. ಆದರೆ ಹಾಡು ಓಡಿದ ದಿನವೇ ನೋಟಿಸು ಬರುವುದು. ಸುರಕ್ಷಿತ ದಾರಿ ಅಂದರೆ ಆ ಭಾವದ ಹೊಸ ಸಾಲನ್ನು ವಾದಕರಿಂದ ನುಡಿಸಿ, ಅದನ್ನೇ ರೆಕಾರ್ಡ್‌ನಂತೆ ಕತ್ತರಿಸಿ ಬಳಸುವುದು. ವಾದಕರಿಗೆ ಹಣ ಕೊಟ್ಟು, ಬಳಸುವ ಹಕ್ಕನ್ನು ಬರಹದಲ್ಲಿ ತೆಗೆದುಕೊಳ್ಳಿ.

ಈಗ ಹಣ ಮತ್ತು ಹಕ್ಕಿನ ಗೆರೆ. ಅಮೆರಿಕದ ರೂಢಿಯಲ್ಲಿ ಎಂಜಿನಿಯರ್‌ಗೆ ಗೊತ್ತುಪಡಿಸಿದ ಶುಲ್ಕ, ಪ್ರೊಡ್ಯೂಸರ್‌ಗೆ ಮುಂಗಡ ಮತ್ತು ಮಾರಾಟದ ಮೇಲೆ ಸಾಮಾನ್ಯವಾಗಿ 3ರಿಂದ 5 ಪಾಯಿಂಟ್, ಅಂದರೆ ಶೇಕಡಾ ಪಾಲು. ಹೆಸರಾದ ಮಿಕ್ಸರ್‌ಗಳಿಗೆ ಕೆಲವೊಮ್ಮೆ ಒಂದು ಪಾಯಿಂಟ್ ಸಿಗುತ್ತದೆ. ಅಲ್ಲಿನ 2018ರ ಒಂದು ಕಾನೂನು ಪ್ರೊಡ್ಯೂಸರ್, ಎಂಜಿನಿಯರ್‌ಗಳು ಕಲಾವಿದರ ಪತ್ರದ ಮೂಲಕ ಡಿಜಿಟಲ್ ಪ್ರಸಾರದ ಪಾಲನ್ನು ನೇರ ಪಡೆಯುವ ಪದ್ಧತಿಗೆ ಕಾಯ್ದೆಯ ಬಲ ಕೊಟ್ಟಿತು. ನಮ್ಮಲ್ಲಿ ಹುಡುಗರು ಎಡವುವ ಜಾಗವೇ ಬೇರೆ. ನಮ್ಮ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ನಿರ್ಮಾಪಕ ಅಂದರೆ ಅದನ್ನು ಮಾಡಿಸುವ ಹೊಣೆ ಮತ್ತು ಮುಂದಾಳತ್ವ ಹೊತ್ತವನು, ರೂಢಿಯಲ್ಲಿ ಹಣ ಹಾಕಿದವನು. ಯೂಟ್ಯೂಬ್‌ನಲ್ಲಿ "ಪ್ರೊಡ್ಯೂಸ್ಡ್ ಬೈ" ಅಂತ ನಿಮ್ಮ ಹೆಸರು ಬಂದ ಮಾತ್ರಕ್ಕೆ ಮಾಸ್ಟರ್ (ಧ್ವನಿಮುದ್ರಣದ ಹಕ್ಕು) ನಿಮ್ಮದಾಗದು. ನಿಮ್ಮ ಗಟ್ಟಿ ನೆಲೆ ಇರುವುದು ಸಂಯೋಜಕರಾಗಿ: ಬೀಟ್‌ನ ಸಂಗೀತ ನಿಮ್ಮದಾದರೆ ನೀವು ಸಂಗೀತ ಕೃತಿಯ ಕರ್ತೃ. ಸಂಯೋಜಕರ ರಾಯಲ್ಟಿ ಸಂಗ್ರಹಿಸಿ ಹಂಚುವ ಸಂಸ್ಥೆ ಐಪಿಆರ್‌ಎಸ್‌ನಲ್ಲಿ ಸಂಯೋಜಕರಾಗಿ ಸದಸ್ಯರಾಗಿ, ಹಾಡು ಬಿಡುಗಡೆಯಾಗುವ ಮೊದಲೇ ಯಾರಿಗೆ ಎಷ್ಟು ಪಾಲು ಅಂತ ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ ನೋಂದಾಯಿಸಿ. ಹಕ್ಕಿನ ವರ್ಗಾವಣೆ ಸಹಿಯಿರುವ ಬರಹದಲ್ಲೇ ಆಗಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾಯ್ದೆ ಅರ್ಥ ಮಾಡಿಕೊಳ್ಳುತ್ತದೆ. ಮಿಕ್ಸಿಂಗ್ ಮಾತ್ರ ಮಾಡಿದ ಹಾಡಿನಲ್ಲಿ ಕರ್ತೃತ್ವದ ಪಾಲು ಕಾನೂನಿನಿಂದ ತಾನಾಗಿ ಬರುವುದಿಲ್ಲ; ಬೇಕಾದರೆ ಒಪ್ಪಂದದಲ್ಲೇ ಕೇಳಬೇಕು.

ನಿಮ್ಮ ಮುಂದಿರುವ ದಾರಿಗಳಲ್ಲಿ ಬೀಟ್ ಲೀಸ್ (ಬಳಸುವ ಅನುಮತಿ ಮಾತ್ರ) ಮಾರುವುದು ಸುಲಭವಾಗಿ ಕಾಣುತ್ತದೆ. ಒಂದೇ ಬೀಟ್ ಹತ್ತು ಜನಕ್ಕೆ. ಆದರೆ ಅವರಲ್ಲಿ ಒಬ್ಬ ತನ್ನ ಹಾಡನ್ನು ಕಂಟೆಂಟ್ ಐಡಿಗೆ (ಒಂದೇ ಸಂಗೀತದ ವೀಡಿಯೋ ಹುಡುಕುವ ಯೂಟ್ಯೂಬ್ ವ್ಯವಸ್ಥೆಗೆ) ಹಾಕಿಬಿಟ್ಟರೆ ಉಳಿದ ಒಂಬತ್ತು ಜನರ ವೀಡಿಯೋಗೆ ಕ್ಲೇಮ್ ಬೀಳುತ್ತದೆ, ಫೋನ್ ಬರುವುದು ನಿಮಗೆ. ಲೀಸ್ ಪತ್ರದಲ್ಲಿ ಅದನ್ನು ನಿಷೇಧಿಸುವ ಸಾಲು ಇರಲೇಬೇಕು. ಕೊಂಡ ಲೂಪ್ ಪ್ಯಾಕ್‌ನಿಂದ ಕಟ್ಟಿದ ಬೀಟ್‌ಗೂ ಇದೇ ತೊಂದರೆ, ಅದೇ ಲೂಪ್ ಪ್ರಪಂಚದ ಇನ್ನೆಷ್ಟೋ ಹಾಡಿನಲ್ಲಿರುತ್ತದೆ. ಬರೀ ಮಿಕ್ಸಿಂಗ್ ಹಿಡಿದರೆ ತಿಂಗಳ ವರಮಾನ ಬೇಗ ನಿಲ್ಲುತ್ತದೆ, ಆದರೆ ಹಾಡು ಎಷ್ಟು ಓಡಿದರೂ ನಿಮ್ಮ 3,000 ಅಷ್ಟೇ. ಮೂರನೆಯದು ಒಬ್ಬಿಬ್ಬರು ಕಲಾವಿದರ ಜೊತೆ ಮೊದಲಿಂದ ಕೊನೆವರೆಗೆ ನಿಲ್ಲುವುದು: ಬೀಟ್, ರೆಕಾರ್ಡಿಂಗ್, ಮಿಕ್ಸ್ ಎಲ್ಲ ನೀವೇ, ಶುಲ್ಕ ಕಡಿಮೆ, ಪಾಲು ಹೆಚ್ಚು. ಅವರು ಹಾಡುವುದು ಬಿಟ್ಟರೆ ವರ್ಷಗಳ ಕೆಲಸ ನೀರಿಗೆ ಹೋಗುತ್ತದೆ. ಆದರೂ ನೀವು ಮೆಚ್ಚಿದ ಸಂಗೀತವೆಲ್ಲ ಹೀಗೆ ಬಳಗದಲ್ಲಿ ಹುಟ್ಟಿದ್ದೇ. ಹಗಲಿನ ಕೆಲಸ ಇಟ್ಟುಕೊಂಡು, ಮಿಕ್ಸಿಂಗ್‌ನಿಂದ ಖರ್ಚು ತೆಗೆದು, ಒಬ್ಬ ಕಲಾವಿದನ ಜೊತೆ ಪೂರ್ತಿ ಆಲ್ಬಮ್ ಕಟ್ಟುವುದು ನಿಮ್ಮ ಸ್ಥಿತಿಗೆ ಸರಿ ಅಂತ ನನಗೆ ಅನಿಸುತ್ತದೆ.

ಬೇಸ್ ಗುಂಯ್‌ಗುಡುವುದು ನಿಮ್ಮ ಕಿವಿಯ ತಪ್ಪಲ್ಲ, ಸ್ಪೀಕರಿನದೂ ಅಲ್ಲ. ಕೋಣೆಯ ಮೂರೂ ಅಳತೆ 10 ಅಡಿ, ಅಂದರೆ 3.05 ಮೀಟರ್. ಶಬ್ದದ ವೇಗ 343ನ್ನು ಅದರ ಎರಡರಷ್ಟಕ್ಕೆ ಭಾಗಿಸಿ: 56 ಹರ್ಟ್ಜ್. ಉದ್ದ, ಅಗಲ, ಎತ್ತರ ಮೂರೂ ಒಂದೇ ಸ್ವರಕ್ಕೆ ಮೊಳಗುತ್ತವೆ. ಆ ಮೊಳಗು ಗೋಡೆ ಮೂಲೆಗಳಲ್ಲಿ ಅತಿ ಜೋರು, ಕೋಣೆಯ ನಟ್ಟನಡುವೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನೀವು ಕೋಣೆಯ ನಡುವೆ ಕುರ್ಚಿ ಹಾಕಿಕೊಂಡಿದ್ದೀರಿ ಅಂತ ನನ್ನ ಊಹೆ. ಕಿಕ್‌ನ ತಳ ಇರುವುದು ಸರಿಯಾಗಿ 50–60 ಹರ್ಟ್ಜ್‌ನಲ್ಲಿ. ನಿಮಗೆ ಕೇಳಿಸದೆ ನೀವು ಏರಿಸುತ್ತೀರಿ, ಕಾರಿನಲ್ಲಿ ಅದು ಬಂದು ಅಪ್ಪಳಿಸುತ್ತದೆ. ಪರೀಕ್ಷಿಸಲು 56 ಹರ್ಟ್ಜ್‌ನ ಸೈನ್ ಟೋನ್ ಸಣ್ಣಗೆ ಹಾಕಿ ನಡುವಿನಿಂದ ಮೂಲೆಗೆ ನಡೆಯಿರಿ, ವ್ಯತ್ಯಾಸ ತಾನೇ ಗೊತ್ತಾಗುತ್ತದೆ.

ಮೊಟ್ಟೆ ಟ್ರೇ, ತೆಳು ಫೋಮ್ ಇದಕ್ಕೆ ಏನೂ ಮಾಡವು. ಸಬ್‌ವೂಫರ್ ತಂದರೆ ಇನ್ನೂ ಕೆಡುತ್ತದೆ. ಮುಂದಿನ ಗೋಡೆಯಿಂದ ಸುಮಾರು 3 ಅಡಿ 9 ಇಂಚಿಗೆ ತಲೆ ಬರುವಂತೆ ಕುರ್ಚಿ ಸರಿಸಿ, ಎಡ–ಬಲ ಸಮ ಇರಲಿ. ಮೂಲೆಗಳಲ್ಲಿ ನೆಲದಿಂದ ಸೂರಿನವರೆಗೆ 6 ಇಂಚು ದಪ್ಪದ, ಘನ ಮೀಟರಿಗೆ 48 ಕೆಜಿ ಸಾಂದ್ರತೆಯ ಗ್ಲಾಸ್‌ವೂಲ್ ಬಟ್ಟೆ ಹೊದಿಸಿ ನಿಲ್ಲಿಸಿ. 56 ಹರ್ಟ್ಜ್ ಪೂರ್ತಿ ಹೋಗದು, ಆದರೆ ಅದರ ಮೇಲಿನ ಗೊಂದಲ ಕಡಿಮೆಯಾಗುತ್ತದೆ. 100 ಹರ್ಟ್ಜ್‌ಗಿಂತ ಕೆಳಗಿನ ತೀರ್ಮಾನವನ್ನು ಒಳ್ಳೇ ಹೆಡ್‌ಫೋನ್‌ನಲ್ಲಿ ಮಾಡಿ. ಹೋಲಿಕೆಗೆ ಹಾಕುವ ಹಾಡನ್ನು ನಿಮ್ಮ ಮಿಕ್ಸ್‌ನಷ್ಟೇ ಜೋರಿಗೆ ಇಳಿಸಿಕೊಳ್ಳಿ, ಸಾಮಾನ್ಯವಾಗಿ 6ರಿಂದ 8 ಡಿಬಿ ಇಳಿಸಬೇಕಾಗುತ್ತದೆ.

ಮಿಕ್ಸ್ ಒಳಗೆ ಮೊದಲು ಒಂದು ತೀರ್ಮಾನ: ತಳ ಕಿಕ್‌ದೋ ಬೇಸ್‌ದೋ? 808 (ಡ್ರಮ್ ಯಂತ್ರದ ಉದ್ದನೆಯ ಬೇಸ್ ದನಿ) ಉದ್ದಕ್ಕೆ 45–50 ಹರ್ಟ್ಜ್‌ನಲ್ಲಿ ಎಳೆಯುತ್ತಿದ್ದರೆ ಕಿಕ್‌ನ ಗುದ್ದನ್ನು 80–100ರ ಸುತ್ತ ಇಡಿ. ಸ್ಯಾಂಪಲ್‌ನ ಮೇಲೆ ಹೊಸ ಬೇಸ್ ಹಾಕಿದ್ದರೆ ಸ್ಯಾಂಪಲನ್ನು 120 ಹರ್ಟ್ಜ್‌ಗಿಂತ ಕೆಳಗೆ ಕತ್ತರಿಸಿ, ಇಲ್ಲದಿದ್ದರೆ ಎರಡು ಬೇಸ್ ಜಗಳಕ್ಕೆ ಬೀಳುತ್ತವೆ. ಹಳೇ ರೆಕಾರ್ಡ್ ಸರಿಯಾದ ಶ್ರುತಿಯಲ್ಲಿ ಇರುವುದು ಅಪರೂಪ, 20–40 ಸೆಂಟ್ (ಅರ್ಧಸ್ವರದ ನೂರನೇ ಭಾಗ ಒಂದು ಸೆಂಟ್) ಆಚೀಚೆ ಇರುತ್ತದೆ. ಹೊಸ ಬೇಸನ್ನು ಅದಕ್ಕೆ ತಕ್ಕಂತೆ ಶ್ರುತಿ ಮಾಡದಿದ್ದರೆ ಎಷ್ಟು ಇಕ್ಯೂ ಹಾಕಿದರೂ ತಳ ಕೂರುವುದಿಲ್ಲ. ಲೂಪ್ ವೇಗ ಗೊತ್ತಾಗಬೇಕಾದರೆ 60ನ್ನು ತಾಳದ ಸಂಖ್ಯೆಯಿಂದ ಗುಣಿಸಿ ಸೆಕೆಂಡಿನಿಂದ ಭಾಗಿಸಿ. ಎಂಟು ತಾಳ 5.2 ಸೆಕೆಂಡಿಗೆ ಮುಗಿದರೆ ನಿಮಿಷಕ್ಕೆ 92.3 ತಾಳ. ತುದಿಯಲ್ಲಿ ಟಿಕ್ ಅಂದರೆ 2ರಿಂದ 5 ಮಿಲಿಸೆಕೆಂಡ್ ಫೇಡ್ ಸಾಕು. ಇಲ್ಲಿ ಡಿಜಿಟೈಸ್ ಮಾಡಿದ ರೆಕಾರ್ಡ್‌ನಲ್ಲಿ ಕರೆಂಟಿನ ಗುಂಗು 50, 100, 150 ಹರ್ಟ್ಜ್‌ಗೆ ಇರುತ್ತದೆ, ಕಿರಿದಾದ ನಾಚ್ ಹಾಕಿ ತೆಗೆಯಿರಿ.

ದನಿಗೆ: 24 ಬಿಟ್‌ನಲ್ಲಿ, ಜೋರು ಮಾತು −10ರಿಂದ −6 ಡಿಬಿ ನಡುವೆ ಬರುವಂತೆ ಮುದ್ರಿಸಿ. 80 ಹರ್ಟ್ಜ್‌ಗಿಂತ ಕೆಳಗೆ ಕತ್ತರಿಸಿ, 4:1 ಕಂಪ್ರೆಷನ್, ಅಟ್ಯಾಕ್ 5–10 ಮಿಲಿಸೆಕೆಂಡ್, 4ರಿಂದ 6 ಡಿಬಿ ಇಳಿಕೆ. ಅಟ್ಯಾಕ್ ಇದಕ್ಕಿಂತ ಚುರುಕಾದರೆ ಟ, ಡ, ಕ್ಕಗಳ ಹೊಡೆತ ಮೊಂಡಾಗಿ ರ‍್ಯಾಪ್ ಸತ್ವ ಕಳೆದುಕೊಳ್ಳುತ್ತದೆ. ಸ, ಶ, ಚಗಳಿಗೆ 5–8 ಕಿಲೋಹರ್ಟ್ಜ್‌ನಲ್ಲಿ ಆ ಸದ್ದನ್ನು ತಗ್ಗಿಸುವ ಡಿ-ಎಸ್ಸರ್. ಸೋಲ್ ಹಾಡಿನ ಪದರಪದರದ ಹಿನ್ನೆಲೆ ದನಿಗಳನ್ನು 150 ಹರ್ಟ್ಜ್‌ಗಿಂತ ಕೆಳಗೆ ಕತ್ತರಿಸಿ, ಮುಖ್ಯ ದನಿಗಿಂತ 6–8 ಡಿಬಿ ಹಿಂದಿಟ್ಟು, ಉಸಿರನ್ನು ಒಂದೇ ಪದರದಲ್ಲಿ ಉಳಿಸಿ.

ಕೇಳುವ ಮಟ್ಟ 75–80 ಡೆಸಿಬೆಲ್ ದಾಟದಿರಲಿ. 85ರಲ್ಲಿ ದಿನಕ್ಕೆ 8 ಗಂಟೆ ಮಿತಿ, ಪ್ರತಿ 3 ಡೆಸಿಬೆಲ್ ಏರಿದರೆ ಅರ್ಧ. 91ರಲ್ಲಿ 2 ಗಂಟೆ ಮಾತ್ರ. ರಾತ್ರಿಯಿಡೀ ಹೆಡ್‌ಫೋನ್ ಹಾಕುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಕೆಟ್ಟ ಕಿವಿ ಮರಳಿ ಬರುವುದಿಲ್ಲ.

ಮುಂದಿನ ಹಾಡು ಒಪ್ಪಿಕೊಳ್ಳುವಾಗ ಶುಲ್ಕದ ಜೊತೆ ಇಷ್ಟನ್ನು ಮೆಸೇಜ್‌ನಲ್ಲಾದರೂ ಬರೆದು ಕಳಿಸಿ, ಒಪ್ಪಿಗೆ ಪಡೆಯಿರಿ: ತಿದ್ದುಪಡಿ ಎರಡು ಬಾರಿ, ಮೂರನೆಯದಕ್ಕೆ ಹೆಚ್ಚುವರಿ, ಅರ್ಧ ಹಣ ಮುಂಗಡ, ಕೊಡುವುದು ಪೂರ್ತಿ ಮಿಕ್ಸ್, ದನಿಯಿಲ್ಲದ ಆವೃತ್ತಿ, ದನಿ ಮಾತ್ರ ಮತ್ತು ದನಿ ಅರ್ಧ ಡಿಬಿ ಏರಿಸಿದ ಇನ್ನೊಂದು ಮಿಕ್ಸ್, ಸ್ಟೆಮ್ಸ್‌ಗೆ (ಡ್ರಮ್, ಬೇಸ್, ದನಿ ಹೀಗೆ ಬಿಡಿ ಫೈಲ್‌ಗಳಿಗೆ) ಬೇರೆ ದರ, ಹೆಸರು ಎಲ್ಲೆಲ್ಲಿ, ಯಾವ ರೂಪದಲ್ಲಿ ಬರಬೇಕು. ಹಕ್ಕಿನ ಪಾಲು, ವರ್ಗಾವಣೆಯ ಮಾತು ಬಂದಲ್ಲಿ ಮಾತ್ರ ಮೆಸೇಜ್ ಸಾಲದು, ಸಹಿ ಇರುವ ಕಾಗದವೇ ಬೇಕು. ಸೆಷನ್ ಫೈಲ್‌ನ ಮೂರು ಪ್ರತಿ ಇಡಿ, ಒಂದು ಮನೆಯ ಹೊರಗಿರಲಿ. ಮಾಸ್ಟರಿಂಗ್‌ಗೆ ಕಳಿಸುವಾಗ ಕೊನೇ ಲಿಮಿಟರ್ ತೆಗೆದು, ಅತಿ ಜೋರು ಸದ್ದು −3 ಡಿಬಿ ಸುತ್ತ ಇರುವಂತೆ ಬಿಟ್ಟು, 24 ಬಿಟ್ ವೇವ್ ಫೈಲ್ ಕಳಿಸಿ.